ಬ್ಯಾಂಜೊ ಕುದುರೆ: ಆರು ತುಂಡುಗಳ ಪೊಟ್ಟಣ ಮತ್ತು ಒಂದು ಕಕ್ಕಡದ ಮಳೆ

ವಾದ್ಯದ ಅಂಗಡಿಗೆ ಹೋಗಿ ಬ್ಯಾಂಜೊ ಎಂದು ಕೇಳಿದರೆ, ಟೈಪ್‌ರೈಟರಿನಂತೆ ಗುಂಡಿಗಳಿರುವ ಬುಲ್‌ಬುಲ್ ತರಂಗವನ್ನೇ ಎತ್ತಿಕೊಡುವುದು ನಮ್ಮ ಕಡೆಯ ವಾಡಿಕೆ. ನಾನು ಹೇಳಹೊರಟಿರುವುದು ಅದರ ವಿಷಯವಲ್ಲ. ದುಂಡನೆಯ ಬಳೆಗೆ ಪೊರೆ ಬಿಗಿದು ಉದ್ದನೆಯ ಕತ್ತು ಜೋಡಿಸಿದ, ಆಫ್ರಿಕಾದಿಂದ ಗುಲಾಮರಾಗಿ ಒಯ್ಯಲ್ಪಟ್ಟವರ ಕೈಯಲ್ಲಿ ಅಮೆರಿಕ ಖಂಡದಲ್ಲಿ ರೂಪುಗೊಂಡ ಐದು ತಂತಿಯ ಬ್ಯಾಂಜೊ ನನ್ನದು. ಅದರ ಪೊರೆಯ ಮೇಲೆ ನಿಂತು ತಂತಿಗಳನ್ನು ಹೊರುವ ಸಣ್ಣ ಮರದ ತುಂಡನ್ನು ಬ್ರಿಜ್ ಎನ್ನುತ್ತಾರೆ. ವೀಣೆ, ತಂಬೂರಿಗಳ ಭಾಷೆಯಲ್ಲಿ ಅದು ಕುದುರೆ. ನನ್ನ ಹಳೆಯ ಕುದುರೆಯ ನಡು ತಗ್ಗಿಹೋದದ್ದರಿಂದ, ಸಿದ್ಧವಾದದ್ದನ್ನು ಕೊಳ್ಳುವ ಬದಲು ಮನೆಯಲ್ಲೇ ಮಾಡಿನೋಡೋಣವೆಂದು, ಆರು ಅರೆಸಿದ್ಧ ತುಂಡುಗಳಿರುವ ಪೊಟ್ಟಣವೊಂದನ್ನು ಜೂನ್ ಕೊನೆಯಲ್ಲಿ ಮಡಿಕೇರಿಗೆ ತರಿಸಿಕೊಂಡೆ. ಈ ವಿಮರ್ಶೆ ಆ ಪೊಟ್ಟಣದ್ದು.

ಒಳಗಿದ್ದದ್ದು ಆರು ಮೇಪಲ್ ತುಂಡುಗಳು ಮತ್ತು ಕತ್ತರಿಸಬೇಕಾದ ಆಕಾರವನ್ನು ಅಚ್ಚುಹಾಕಿದ ಒಂದು ಹಾಳೆ. ಪ್ರತಿ ತುಂಡಿನ ತಲೆಯ ಮೇಲೆ ಕರಿಮರದ ತೆಳು ಪಟ್ಟಿಯನ್ನು ಅಂಟಿಸಿದ್ದರು. ಉಕ್ಕಿನ ತಂತಿ ಮೇಪಲ್ಲನ್ನು ಕೊರೆದುಕೊಂಡು ಕೆಳಗಿಳಿಯದಿರಲಿ ಎಂದು ಈ ಗಟ್ಟಿ ಮರವನ್ನು ಮೇಲೆ ಹಾಕುವುದು ಸಂಪ್ರದಾಯ. ಹಾಳೆಯಲ್ಲಿ ಕೊಟ್ಟ ಅಳತೆಗಳಲ್ಲಿ ತಪ್ಪಿರಲಿಲ್ಲ: ಎತ್ತರ 5/8 ಇಂಚು, ಅಂದರೆ ಹತ್ತಿರ ಹತ್ತಿರ 16 ಮಿಲಿಮೀಟರ್, ಮೊದಲ ತಂತಿಯಿಂದ ಐದನೆಯ ತಂತಿಗೆ ಸುಮಾರು 43 ಮಿಲಿಮೀಟರ್, ಮೂರು ಕಾಲುಗಳು, ಅವುಗಳ ನಡುವೆ ಎರಡು ಕಮಾನುಗಳು. ಆದರೆ ಸಿದ್ಧವಾದ ಕುದುರೆ ಎಷ್ಟು ತೂಗಬೇಕು, ಮರದ ನಾರು ಯಾವ ದಿಕ್ಕಿಗೆ ಓಡಬೇಕು ಎಂಬೆರಡು ಮಾತುಗಳು ಆ ಹಾಳೆಯಲ್ಲಿ ಎಲ್ಲಿಯೂ ಇರಲಿಲ್ಲ. ಈ ಕೆಲಸದಲ್ಲಿ ಮುಖ್ಯವಾದವು ಆ ಎರಡೇ.

ನಾರಿನ ವಿಷಯ ಗೊತ್ತಾದದ್ದು ನಷ್ಟ ಮಾಡಿಕೊಂಡ ಮೇಲೆ. ನಾರು ಕುದುರೆಯ ಉದ್ದಕ್ಕೆ, ಪೊರೆಗೆ ಸಮಾನಾಂತರವಾಗಿ ಹರಿಯಬೇಕು. ಆರರಲ್ಲಿ ಎರಡು ತುಂಡುಗಳ ನಾರು ಓರೆಯಾಗಿ ಇಳಿದಿತ್ತು. ಅವುಗಳಲ್ಲೊಂದರ ಕಮಾನನ್ನು ತೆಳು ಗರಗಸದಿಂದ ಕೊಯ್ಯುತ್ತಿದ್ದಾಗ ಅಂಚಿನ ಕಾಲು ಒಣ ರೊಟ್ಟಿಯ ಚೂರಿನಂತೆ ಮುರಿದು ನೆಲಕ್ಕೆ ಬಿತ್ತು. ನಮ್ಮ ರಸ್ತೆಯ ಆಚಾರಿಗೆ ಅದನ್ನು ತೋರಿಸಿದರೆ, ‘ಅಂಚು ನೋಡದೆ ಗರಗಸ ಹಾಕಬಾರದು ಸಾರ್, ಬಾಗಿಲಿಗಾದರೂ ಅಷ್ಟೇ, ಬೆರಳುದ್ದದ ತುಂಡಿಗಾದರೂ ಅಷ್ಟೇ’ ಎಂದು ನಕ್ಕರು. ನಾರು ನೆಟ್ಟಗಿದ್ದ ಬೇರೊಂದು ತುಂಡಿನದು ಮತ್ತೊಂದು ಕಥೆ. ಕೊಡಗಿನವರ ಮಳೆಗಾಲದ ತಿಂಗಳಾದ ಕಕ್ಕಡದ ಮಳೆ ಹಿಡಿದು, ಗೋಡೆಗಳೇ ಬೆವರತೊಡಗಿದ ವಾರದಲ್ಲಿ, ಕರಿಮರದ ಪಟ್ಟಿಯ ಅಂಟು ಒಂದು ತುದಿಯಿಂದ ಬಿಟ್ಟುಕೊಂಡಿತು. ಉಗುರು ತೂರುವಷ್ಟು ಬಾಯಿ ತೆರೆದಿದ್ದ ಅದಕ್ಕೆ ಮರದ ಅಂಟು ಹಚ್ಚಿ, ಬಟ್ಟೆಯ ಕ್ಲಿಪ್ಪುಗಳಿಂದ ಒತ್ತಿಹಿಡಿದು, ಒಲೆಯ ಮೇಲಿನ ಅಟ್ಟದಲ್ಲಿ ನಾಲ್ಕು ದಿನ ಇಟ್ಟ ಮೇಲೆ ಸರಿಹೋಯಿತು. ಮಾರಿದವರಿಗೆ ಚಿತ್ರಸಮೇತ ಬರೆದದ್ದಕ್ಕೆ, ತೇವವಿಲ್ಲದ ಜಾಗದಲ್ಲಿ ಇಡಬೇಕಾಗಿತ್ತು ಎಂಬ ಒಂದು ಸಾಲಿನ ಉತ್ತರ ಬಂತು. ಆಷಾಢದಲ್ಲಿ ಕೊಡಗಿನೊಳಗೆ ಅಂಥ ಜಾಗ ಎಲ್ಲಿದೆಯೆಂದು ಅವರೇ ತಿಳಿಸಿದ್ದರೆ ನಾನೂ ಹೋಗಿ ಅಲ್ಲಿಯೇ ಇರುತ್ತಿದ್ದೆ.

ತೂಕದ ವಿಷಯ ಹೆಚ್ಚು ಸ್ವಾರಸ್ಯದ್ದು. ಒಳ್ಳೆಯ ಕುದುರೆ ಸಾಮಾನ್ಯವಾಗಿ 2 ಗ್ರಾಮಿನಿಂದ ಎರಡೂವರೆ ಗ್ರಾಮಿನೊಳಗೆ ತೂಗುತ್ತದೆ. ತಂತಿಯ ಕಂಪನ ಪೊರೆಗೆ ಇಳಿಯುವುದು ಈ ಮರದ ಮೂಲಕವೇ ಆದ್ದರಿಂದ, ಮರ ಭಾರವಾದಷ್ಟೂ ತಾರಸ್ಥಾಯಿಯ ಚುರುಕು ಅಲ್ಲೇ ಉಳಿದು ನಾದ ಮಂಕಾಗುತ್ತದೆ, ಹಗುರವಾದಷ್ಟೂ ಜೋರಾಗಿ ಚುಚ್ಚುತ್ತದೆ. ಹಾಳೆಯ ಗೆರೆಗೆ ಸರಿಯಾಗಿ ಕೊಯ್ದ ನನ್ನ ಮೊದಲ ಕುದುರೆ, ಚಿನ್ನ ತೂಗುವಂಥ ಪುಟ್ಟ ಡಿಜಿಟಲ್ ತಕ್ಕಡಿಯಲ್ಲಿ 3.4 ಗ್ರಾಮ್ ತೋರಿಸಿತು. ಅದನ್ನು ಏರಿಸಿ ಮೀಟಿದರೆ, ಪೊರೆಯ ಮೇಲೆ ಯಾರೋ ಒದ್ದೆ ಬಟ್ಟೆ ಹಾಸಿದ್ದಾರೆ ಎನಿಸುವಂಥ ಸದ್ದು. ಹಿಂಬದಿಯನ್ನು ನೆಟ್ಟಗೆ ಬಿಟ್ಟು ಕತ್ತಿನ ಕಡೆಯ ಮುಂಬದಿಯನ್ನು ಮಾತ್ರ ಉಪ್ಪುಕಾಗದದ ಮೇಲೆ ಓರೆಯಾಗಿ ಉಜ್ಜುತ್ತ, ಬುಡದಲ್ಲಿ 7 ಮಿಲಿಮೀಟರ್ ಇದ್ದದ್ದನ್ನು ತಲೆಯಲ್ಲಿ ಎರಡೂವರೆಗೆ ತಂದಾಗ ತೂಕ 2.3ಕ್ಕೆ ಇಳಿಯಿತು, ಮೂರನೆಯ ತಂತಿ ಮೊದಲ ಸಲ ಬಾಯಿಬಿಟ್ಟು ಮಾತಾಡಿತು. ಆಸೆಗೆ ಬಿದ್ದು ಮತ್ತೊಂದನ್ನು 1.7ರವರೆಗೂ ಉಜ್ಜಿದೆ, ಅದು ಬಿಸ್ಕತ್ತಿನ ಡಬ್ಬಿಗೆ ತಂತಿ ಕಟ್ಟಿದಂತೆ ಕೇಳಿಸಿತು.

ತಂತಿ ಕೂರುವ ಗೀರುಗಳ ಬಗ್ಗೆ ಒಂದು ಮಾತು. ಇವುಗಳನ್ನು ತೆಳುವಾದ ಅರದಿಂದ, ತಂತಿಯ ಅರ್ಧ ಮುಳುಗುವಷ್ಟು ಆಳಕ್ಕೆ, ಹಿಂದಕ್ಕೆ ತುಸು ಇಳಿಜಾರಾಗಿ ಉಜ್ಜಬೇಕು; ಆಗ ತಂತಿ ಮುಂದಿನ ಅಂಚಿನಿಂದಲೇ ಏಳುತ್ತದೆ, ಇಲ್ಲದಿದ್ದರೆ ಝಿರ್ ಎನ್ನುತ್ತದೆ. ಗೀರು ಹಾಕುವ ಜಾಗಗಳನ್ನು ಹಾಳೆಯಲ್ಲಿ ಚುಕ್ಕೆಯಿಟ್ಟು ತೋರಿಸಿದ್ದಾರೆ, ಅದಕ್ಕೆ ಮೆಚ್ಚುಗೆ ಸಲ್ಲಬೇಕು.

ಕುದುರೆಯನ್ನು ಯಾವುದರಿಂದಲೂ ಅಂಟಿಸುವುದಿಲ್ಲ, ತಂತಿಗಳ ಒತ್ತಡದಿಂದಲೇ ಅದು ನಿಲ್ಲುತ್ತದೆ. ಹಾಗಾಗಿ ಎಲ್ಲ ತಂತಿಗಳನ್ನೂ ಒಟ್ಟಿಗೆ ಕಳಚದೆ, ಸಡಿಲಿಸಿ, ಹಳೆಯದು ನಿಂತ ಜಾಗಕ್ಕೆ ಪೆನ್ಸಿಲ್ ಗುರುತು ಹಾಕಿ ಬದಲಿಸುವುದು ಕ್ಷೇಮ. ಆಮೇಲೆ ಹನ್ನೆರಡನೆಯ ಮೆಟ್ಟಿನ ಮೇಲೆ ತಂತಿಯನ್ನು ಮುಟ್ಟಿಯೂ ಮುಟ್ಟದಂತೆ ಬೆರಳಿಟ್ಟು ಮೀಟಿದ ಸ್ವರ, ಅಲ್ಲೇ ಒತ್ತಿ ಮೀಟಿದ ಸ್ವರ, ಎರಡೂ ಒಂದಾಗುವವರೆಗೆ ಕುದುರೆಯನ್ನು ಕೂದಲೆಳೆಯಷ್ಟು ಸರಿಸುತ್ತ ಹೋಗಬೇಕು. ನನ್ನ ವಾದ್ಯದ ಪೊರೆ ಪ್ಲಾಸ್ಟಿಕ್ಕಿನದಾದ್ದರಿಂದ ಈ ಹೊಂದಾಣಿಕೆ ಮಳೆಯಲ್ಲೂ ನಿಂತಿತು. ತೊಗಲಿನದಾಗಿದ್ದರೆ ದಿನವೂ ಬಿಗಿಮಾಡುತ್ತ ಕೂರಬೇಕಾಗುತ್ತಿತ್ತು.

ಮೇಪಲ್ ಮುಗಿಯುತ್ತ ಬಂದಾಗ ಮನೆಯ ಹಿಂದಿನ ಒಣಬಿದಿರಿನಿಂದಲೂ ಒಂದನ್ನು ಮಾಡಿದೆ, ಬಿದಿರಿನ ಕುದುರೆ ಬ್ಯಾಂಜೊಗೆ ಹೊಸತೇನೂ ಅಲ್ಲ. ಕಾಸು ಖರ್ಚಿಲ್ಲದ ಆ ಕುದುರೆ 2.1 ಗ್ರಾಮ್ ತೂಗಿತು. ನಾದ ಮೇಪಲ್ಲಿನಷ್ಟು ದುಂಡಗಿಲ್ಲ, ಬೇಗ ಆರುತ್ತದೆ. ಆದರೂ ಉಗುರಿನ ಹೊಡೆತದ ಹಳೆಯ ಶೈಲಿಗೆ ನನಗೆ ಅದೇ ಹಿಡಿಸಿತು. ತೋಟದಲ್ಲಿ ಕಿತ್ತುಹಾಕಿದ ಹಳೆಯ ಕಾಫಿ ಗಿಡದ ಬೊಡ್ಡೆಯೊಂದು ಅಟ್ಟದ ಮೇಲೆ ಒಣಗುತ್ತಿದೆ. ಅದು ಭಾರದ ಮರ, ಹಗುರ ಮಾಡುವುದಕ್ಕೆ ಕಷ್ಟವಾಗಬಹುದು.

ಐದಕ್ಕೆ ಮೂರು ಅಂಕ ಕೊಡುತ್ತೇನೆ. ಆರರಲ್ಲಿ ಮೂರು ಒಳ್ಳೆಯ ಕುದುರೆಗಳಾದವು, ಒಂದು ಮುರಿಯಿತು, ಒಂದನ್ನು ನಾನೇ ಉಜ್ಜಿ ಕೆಡಿಸಿದೆ, ಓರೆ ನಾರಿನ ಇನ್ನೊಂದನ್ನು ಮುಟ್ಟಿಲ್ಲ. ಅರ, ತೆಳು ಗರಗಸ, ಗ್ರಾಮಿನ ತಕ್ಕಡಿ ಈಗಾಗಲೇ ಇರುವವರು ಧೈರ್ಯವಾಗಿ ತರಿಸಿಕೊಳ್ಳಬಹುದು. ಅವುಗಳನ್ನೆಲ್ಲ ಹೊಸದಾಗಿ ಕೊಳ್ಳಬೇಕಾದವರಿಗೆ ಸಿದ್ಧ ಕುದುರೆಯೇ ಅಗ್ಗ. ಕೊಡಗಿನವರಾದರೆ ಮಳೆ ಬಿಟ್ಟ ಮೇಲೆ, ಕಾಫಿ ಒಣಗಿಸುವ ಹೊತ್ತಿಗೆ ತರಿಸಿಕೊಳ್ಳಿ, ಪೊಟ್ಟಣ ಒಡೆದ ಕೂಡಲೇ ಆರೂ ತುಂಡುಗಳ ಅಂಚನ್ನು ಬೆಳಕಿಗೆ ಹಿಡಿದು ನಾರು ನೋಡಿ, ಓರೆಯಿದ್ದದ್ದನ್ನು ಗರಗಸ ತಾಗಿಸುವ ಮೊದಲೇ ಹಿಂದಿರುಗಿಸಿ.