ವಾವ್ ಕ್ಲಾಸಿಕ್: ಹಂಟರ್ ತಗೋಬೇಕಾ, ವಾರಿಯರ್ರಾ?

ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ (ವಾವ್) ಕ್ಲಾಸಿಕ್ ಅನ್ನೋ ಆನ್‌ಲೈನ್ ಆಟದಲ್ಲಿ ಮೊದಲು ಕ್ಯಾರೆಕ್ಟರ್‌ಗೆ ಒಂದು ಕ್ಲಾಸ್ ಆರಿಸಿಕೊಳ್ಳಬೇಕು. ಶುರು ಮಾಡುವವರಿಗೆ ಎಲ್ಲರೂ ಹೇಳುವುದು ಒಂದೇ: ಬಾಣ ಬಿಡುವ ಹಂಟರ್ ತಗೋ, ಕತ್ತಿ ಹಿಡಿಯುವ ವಾರಿಯರ್ ಸಹವಾಸ ಬೇಡ. ಕೊನೆಯ ಲೆವೆಲ್ ಆದ 60 ಮುಟ್ಟುವವರೆಗೆ ಇದು ನಿಜ. 10ನೇ ಲೆವೆಲ್‌ನಲ್ಲಿ ಹಂಟರ್‌ಗೆ ಪ್ರಾಣಿ ಪಳಗಿಸಲು ಬರುತ್ತದೆ, ಆಮೇಲೆ ಏಟು ತಿನ್ನುವ ಕೆಲಸ ಅದರದ್ದು, ನೀವು ದೂರ ನಿಂತು ಬಾಣ ಬಿಡುತ್ತಾ ಕಾಫಿ ಕುಡಿಯಬಹುದು. 30ಕ್ಕೆ ಸತ್ತ ಹಾಗೆ ನಟಿಸಿ ತಪ್ಪಿಸಿಕೊಳ್ಳುವುದೂ ಸಿಗುತ್ತದೆ. ಬಾಣ ಕೊಳ್ಳಬೇಕು, ಪೆಟ್‌ಗೆ ಊಟ ಹಾಕಬೇಕು, ತಲೆನೋವು ಅಷ್ಟೇ.

ವಾರಿಯರ್‌ಗೆ ಗಾಯ ವಾಸಿ ಮಾಡಿಕೊಳ್ಳುವ ಮಂತ್ರ ಯಾವುದೂ ಇಲ್ಲ. ಅವನ ವಿಶೇಷ ಏಟುಗಳಿಗೆಲ್ಲ ರೇಜ್ ಅನ್ನೋ ಶಕ್ತಿ ಬೇಕು, ಅದು ಬರುವುದು ಹೆಚ್ಚಾಗಿ ಹೊಡೆದರೆ ಅಥವಾ ಹೊಡೆಸಿಕೊಂಡರೆ. ಎರಡು ಮೂರು ಲೆವೆಲ್ ಮೇಲಿನ ಶತ್ರುವಿಗೆ ಏಟು ತಗಲುವುದೇ ಕಡಿಮೆ, ಏಟು ತಗಲದಿದ್ದರೆ ರೇಜ್ ಕಡಿಮೆ, ರೇಜ್ ಇಲ್ಲದಿದ್ದರೆ ಸುಮ್ನೆ ಬಟನ್ ಒತ್ತುತ್ತಾ ಇರಬೇಕು. ಇಬ್ಬರು ಒಟ್ಟಿಗೆ ಮೈಮೇಲೆ ಬಿದ್ದರೆ ಸತ್ತು, ಸ್ಮಶಾನದಿಂದ ಮತ್ತೆ ಓಟ. 2023ರಲ್ಲಿ ಬಂದ ಹಾರ್ಡ್‌ಕೋರ್ ಸರ್ವರ್‌ಗಳಲ್ಲಿ ಒಮ್ಮೆ ಸತ್ತರೆ ಕ್ಯಾರೆಕ್ಟರ್ ಕಥೆ ಮುಗಿಯಿತು. ಅಲ್ಲೂ ವಾರಿಯರ್ ತಗೊಳ್ಳುವವರಿಗೆ ದೊಡ್ಡ ನಮಸ್ಕಾರ.

60 ಆದ ಮೇಲೆ ಲೆಕ್ಕ ತಿರುಗುತ್ತದೆ. 40 ಜನ ಸೇರಿ ದೊಡ್ಡ ಶತ್ರುಗಳ ಮೇಲೆ ಬೀಳುವ ರೇಡ್‌ನಲ್ಲಿ ಒಳ್ಳೆ ಆಯುಧ ಸಿಕ್ಕ ಫ್ಯೂರಿ ವಾರಿಯರ್ (ಬರೀ ಹೊಡೆಯುವುದಕ್ಕೇ ತಯಾರಾದವನು) ಯಾರು ಎಷ್ಟು ಹೊಡೆದರು ಅನ್ನುವ ಡ್ಯಾಮೇಜ್ ಪಟ್ಟಿಯಲ್ಲಿ ಮೇಲೆ ಕೂತಿರುತ್ತಾನೆ. ಹಂಟರ್ ಹೊಸ ರೇಡ್ ಬಂದ ಹಾಗೆಲ್ಲ ಕೆಳಗೆ ಜಾರುತ್ತಾನೆ. ಮೋಲ್ಟನ್ ಕೋರ್ ಅನ್ನೋ ರೇಡ್‌ನಲ್ಲಿ ಮ್ಯಾಗ್ಮಡಾರ್ ಅನ್ನೋ ದೊಡ್ಡ ಶತ್ರು ರೊಚ್ಚಿಗೆದ್ದಾಗ ತಣ್ಣಗೆ ಮಾಡುವ ಬಾಣ ಹಂಟರ್ ಕೈಯಲ್ಲೇ ಇರೋದು, ಹಾಗಾಗಿ ಗಿಲ್ಡ್‌ನವರು (ಒಟ್ಟಿಗೆ ಆಡುವ ತಂಡದವರು) ಕರೆಯುತ್ತಾರೆ ಅನ್ನಿ. ಸಣ್ಣ ತಂಡ ಕಟ್ಟಿ ಆಡುವ ಡಂಜನ್‌ನಲ್ಲಿ, ಶತ್ರುವನ್ನು ತನ್ನ ಕಡೆ ಎಳೆಯುವ ಪೆಟ್‌ನ ಗ್ರೌಲ್ ಆಫ್ ಮಾಡದೆ, ತಂಡದ ಪರವಾಗಿ ಏಟು ತಿನ್ನುವ ಟ್ಯಾಂಕ್ ಹತ್ತಿರ ಬೈಸಿಕೊಳ್ಳುವ ಹಂಟರ್‌ಗಳೂ ಬೇಕಾದಷ್ಟು ಜನ. ಅವರ ತಪ್ಪೂ ಜಾಸ್ತಿ ಇಲ್ಲ. ಅಲ್ಲಿಯವರೆಗೂ ಒಬ್ಬರೇ ಆಡಿ ಲೆವೆಲ್ ಏರಿಸಿದವರಿಗೆ ಆಟ ಇದನ್ನೆಲ್ಲ ಕಲಿಸಿಯೇ ಇರುವುದಿಲ್ಲ, ಅಲ್ವಾ?

ನನ್ನ ಪ್ರಕಾರ ವಾರಿಯರ್ ಕಷ್ಟ ಇರುವುದು ಬೆರಳಿನಲ್ಲಿ ಅಲ್ಲ, ಬೇರೆಯವರನ್ನು ನಂಬಿಕೊಂಡಿರುವುದರಲ್ಲಿ. ಜೊತೆಗೆ ಆಡಲು ಗಾಯ ವಾಸಿ ಮಾಡುವ ಪ್ರೀಸ್ಟ್ ತಗೊಳ್ಳುವ ಸ್ನೇಹಿತರು ಇದ್ದರೆ ಕಣ್ಣು ಮುಚ್ಚಿಕೊಂಡು ವಾರಿಯರ್ ತಗೊಳ್ಳಿ. ಟ್ಯಾಂಕ್ ಆಡ್ತೀನಿ ಅಂದರೆ ಡಂಜನ್‌ಗೆ ಜನ ಹುಡುಕಿಕೊಂಡು ಬರುತ್ತಾರೆ. ಆಫೀಸ್ ಮುಗಿಸಿ ರಾತ್ರಿ ಒಬ್ಬರೇ ಒಂದು ಗಂಟೆ ಆಡುವವರಿಗೆ ಹಂಟರ್ರೇ ಸರಿ. ಈ ಆಟಕ್ಕೆ ಭಾರತದಲ್ಲಿ ಸರ್ವರ್ ಇಲ್ಲ. ಪಿಂಗ್ (ಸರ್ವರ್‌ಗೆ ಹೋಗಿ ಬರುವ ತಡ) ಜಾಸ್ತಿ ಇದ್ದಾಗ ಓಡಿ ಹೋಗುವ ಶತ್ರುವಿನ ಹಿಂದೆ ಬಿದ್ದು ಕತ್ತಿ ಬೀಸುವುದಕ್ಕಿಂತ ದೂರದಿಂದ ಬಾಣ ಬಿಡುವುದೇ ನೆಮ್ಮದಿ.

ಎರಡೂ ಬೇಡ ಅನ್ನುವವರಿಗೆ ಭೂತಗಳನ್ನು ಕರೆಯುವ ಮಂತ್ರವಾದಿ ವಾರ್‌ಲಾಕ್ ಇದೆ. 10ಕ್ಕೆ ಮುಂದೆ ನಿಂತು ಏಟು ತಿನ್ನುವ ವಾಯ್ಡ್‌ವಾಕರ್ ಅನ್ನೋ ಭೂತ, 40ಕ್ಕೆ ಬೇರೆ ಹೆಚ್ಚಿನವರು ಕುದುರೆಗಾಗಿ ಚಿನ್ನ ಕೂಡಿಡುತ್ತಾ ಇರುವಾಗ ಹೆಚ್ಚುಕಮ್ಮಿ ಪುಕ್ಕಟೆ ಕುದುರೆ.