ಒಳಕ್ಕೋ ಹೊರಕ್ಕೋ? ಟಾಯ್ಲೆಟ್ ಬಾಗಿಲಿನ ಪಂಚಾಯ್ತಿ

ಸಾರ್ವಜನಿಕ ಟಾಯ್ಲೆಟ್‌ನಲ್ಲಿ ಎರಡು ಥರದ ಬಾಗಿಲು ಇರುತ್ತವೆ. ಕಾರಿಡಾರಿನಿಂದ ಒಳಗೆ ಬರುವ ದೊಡ್ಡದು ಒಂದು, ಕಮೋಡ್ ಇರುವ ಕೋಣೆಯದ್ದು ಇನ್ನೊಂದು. ಎರಡೂ ಕಡೆ ಒಳಕ್ಕೆ ತೆರೆಯುವುದನ್ನೂ ಹೊರಕ್ಕೆ ತೆರೆಯುವುದನ್ನೂ ಬಳಸಿ ನೋಡಿದ್ದೇನೆ.

ದೊಡ್ಡ ಬಾಗಿಲು ಒಳಕ್ಕೆ ತೆರೆಯುವಂತಿದ್ದರೆ ನನಗೆ ಸಿಟ್ಟು ಬರುವುದು ಹೊರಡುವಾಗ. ಸೋಪು ಹಾಕಿ ಕೈ ತೊಳೆದಾಗಿದೆ. ಈಗ ಹಿಡಿಕೆ ಹಿಡಿದು ಎಳೆಯಲೇಬೇಕು. ಕೈ ತೊಳೆಯದೆ ಹೋದವರು ಎಳೆದದ್ದೂ ಅದನ್ನೇ ಅಲ್ವಾ? ಹೊಟ್ಟೆ ಕೆಡಿಸುವ ನೊರೋವೈರಸ್ ಇಂಥ ಜಾಗ ಮುಟ್ಟುವುದರಿಂದಲೂ ಹರಡುತ್ತದೆ. ಟಿಶ್ಯೂ ಸುತ್ತಿ ಎಳೆಯೋಣ ಎಂದರೆ, ಅದನ್ನು ಎಸೆಯುವ ಬುಟ್ಟಿ ಆ ತುದಿಯಲ್ಲಿ ಇರುತ್ತದೆ!

ಹೊರಕ್ಕೆ ತೆರೆಯುವುದಾದರೆ ಭುಜ ಸಾಕು. ಬೆಂಕಿ ಹೊತ್ತಿಕೊಂಡರೂ ಜನ ನುಗ್ಗುವ ಕಡೆಗೇ ಬಾಗಿಲು ತೆರೆಯುತ್ತದೆ. ಆದರೆ ಕಾರಿಡಾರಿನಲ್ಲಿ ನಡೆಯುವವರ ಮೂಗಿಗೆ ಅಪಾಯ. ಗೋಡೆಯ ಸಾಲಿನಿಂದ ಕೊಂಚ ಒಳಗೆ ಸರಿಸಿ ಬಾಗಿಲು ಕೂರಿಸಿದರೆ ಅದೂ ಇರುವುದಿಲ್ಲ.

ಅನೇಕ ವಿಮಾನ ನಿಲ್ದಾಣಗಳಲ್ಲಿ ಈ ರಗಳೆಯೇ ಇಲ್ಲ. ಬಾಗಿಲಿನ ಬದಲು ಗೋಡೆಯೇ ತಿರುವು ತೆಗೆದುಕೊಂಡು ಮರೆ ಮಾಡುತ್ತದೆ. ಜಾಗ ಜಾಸ್ತಿ ಬೇಕು, ಕೈ ಒಣಗಿಸುವ ಯಂತ್ರದ ಗದ್ದಲ ಹೊರಗೂ ಕೇಳುತ್ತದೆ. ಆದರೂ ನನ್ನ ಓಟು ಇದಕ್ಕೇ.

ಕಮೋಡ್ ಕೋಣೆಯ ಲೆಕ್ಕ ಬೇರೆ. ಬಾಗಿಲು ಒಳಕ್ಕೆ ತೆರೆಯುವ ಕಡೆ ಚಿಲಕ ಕೈಕೊಟ್ಟರೂ ಕಾಲು ಚಾಚಿ ತಡೆಯಬಹುದು. ಆ ಧೈರ್ಯ ಸಣ್ಣದಲ್ಲ. ಖಾಲಿಯಿದ್ದಾಗ ಬಾಗಿಲು ತಾನಾಗಿ ಒಳಕ್ಕೆ ವಾಲಿ ನಿಂತರೆ ದೂರದಿಂದಲೇ ಗೊತ್ತಾಗುತ್ತದೆ, ಸುಮ್ನೆ ತಟ್ಟುವ ಕೆಲಸವಿಲ್ಲ. ಆದರೆ ಸೂಟ್‌ಕೇಸ್ ಜೊತೆ ಹೋಗಿ ನೋಡಿ. ಸೂಟ್‌ಕೇಸ್ ಎತ್ತಿ, ಹೊಟ್ಟೆ ಒಳಗೆಳೆದು, ಕಮೋಡಿಗೆ ಒರಗಿ ನಿಂತರೆ ಮಾತ್ರ ಬಾಗಿಲು ಹಾಕಲು ಆಗುತ್ತದೆ. ಮಗು ಜೊತೆಗಿದ್ದರಂತೂ ಕೇಳಬೇಡಿ.

ಇದಕ್ಕಿಂತ ದೊಡ್ಡ ವಿಷಯ ಒಂದಿದೆ. ಒಳಗೆ ಯಾರಾದರೂ ತಲೆಸುತ್ತಿ ಬಿದ್ದರೆ ಅವರ ಮೈಯೇ ಬಾಗಿಲಿಗೆ ಅಡ್ಡವಾಗುತ್ತದೆ, ಹೊರಗಿನವರು ತಳ್ಳುವಂತಿಲ್ಲ. ಗಾಲಿಕುರ್ಚಿಯವರ ಟಾಯ್ಲೆಟ್‌ಗೆ ಸಾಮಾನ್ಯವಾಗಿ ಹೊರಕ್ಕೆ ತೆರೆಯುವ ಬಾಗಿಲು ಇಡುವುದಕ್ಕೆ ಇದೂ ಒಂದು ಕಾರಣ. ಕುರ್ಚಿ ತಿರುಗಿಸಲು ಒಳಗೆ ಸುಮಾರು 1.5 ಮೀಟರ್ ಜಾಗವೂ ಬೇಕು. ಬಾಗಿಲು ಅದರಲ್ಲಿ ಪಾಲು ಕೇಳಬಾರದು.

ಹಾಗಾಗಿ ಕೋಣೆಗೂ ನಾನು ಹೊರಕ್ಕೇ ಎನ್ನುತ್ತೇನೆ, ಚಿಲಕ ಗಟ್ಟಿಯಿದ್ದರೆ. ವಾಶ್‌ಬೇಸಿನ್ ಮುಂದೆ ನಿಂತವರ ಬೆನ್ನಿಗೆ ಬಡಿಯುವಷ್ಟು ಓಣಿ ಇಕ್ಕಟ್ಟಾಗಿದ್ದರೆ ಮಾತ್ರ ಒಳಕ್ಕೆ ಇರಲಿ. ಆಗ ಹೊರಗಿನಿಂದ ಚಿಲಕ ತೆಗೆದು, ಬಾಗಿಲನ್ನೇ ಎತ್ತಿ ಕಳಚುವಂಥ ಕೀಲು ಹಾಕಿಸಬೇಕು.