ವಾಸನೆ ಅಳೆಯಲು ದೊಡ್ಡ ಜಿಸಿಯಾ, ಸಣ್ಣ ಪೆಟ್ಟಿಗೆಯಾ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಸಣ್ಣ ಪೆಟ್ಟಿಗೆಗೆ. ಅಂದರೆ, ಪೈಪಿನ ಗ್ಯಾಸಿಗೆ ಸೇರಿಸಿದ ವಾಸನೆಯ ವಸ್ತು ಎಷ್ಟಿದೆ ಎಂದು ಅಳೆಯುವ, ಎಲೆಕ್ಟ್ರೋಕೆಮಿಕಲ್ ಸೆನ್ಸರ್ ಇರುವ ಅನಲೈಸರ್‌ಗೆ. ಎದುರಿಗಿರುವುದು ಗ್ಯಾಸ್ ಕ್ರೊಮ್ಯಾಟೋಗ್ರಾಫ್, ನಮ್ಮವರ ಬಾಯಲ್ಲಿ ಜಿಸಿ. ಕಾಸರಗೋಡು ಕಡೆ ನಾನು ನೋಡಿಕೊಳ್ಳುವ, ಊರಿನ ಪೈಪಿಗೆ ಗ್ಯಾಸ್ ಬಿಡುವ ಎರಡು ಸ್ಟೇಷನ್‌ಗಳಲ್ಲಿ ಒಂದರಲ್ಲಿ ಅದು, ಇನ್ನೊಂದರಲ್ಲಿ ಇದು. ಜಿಸಿ ಕೆಟ್ಟ ಯಂತ್ರ ಅಂತ ಅಲ್ಲ. ನಮ್ಮ ಮಳೆಗೆ, ನಮ್ಮ ಗ್ಯಾಸಿಗೆ, ನಮ್ಮ ಜೇಬಿಗೆ ಅದು ಜಾಸ್ತಿ.

ಹೊಸಬರಿಗೆ ಎರಡು ಮಾತು. ನೈಸರ್ಗಿಕ ಅನಿಲಕ್ಕೆ ತನ್ನದೇ ವಾಸನೆ ಇಲ್ಲ. ಕೊಚ್ಚಿಯಿಂದ ಮಂಗಳೂರಿಗೆ ಹೋಗುವ 450 ಕಿಲೋಮೀಟರ್ ಲೈನು, 2021ರ ಜನವರಿಯಲ್ಲಿ ಉದ್ಘಾಟನೆ ಆಯಿತಲ್ಲ, ಅದರಲ್ಲಿ ಬರುವುದೂ ವಾಸನೆ ಇಲ್ಲದ ಗ್ಯಾಸೇ. ಊರಿನ ಪೈಪಿಗೆ ಬಿಡುವ ಮೊದಲು ಇಥೈಲ್ ಮರ್ಕಾಪ್ಟನ್ ಎಂಬ ಗಂಧಕದ ಸಂಯುಕ್ತ ಸೇರಿಸುತ್ತೇವೆ. ಕೊಳೆತ ಈರುಳ್ಳಿಯ ನಾತ ಅದು. ಗಾಳಿಯಲ್ಲಿ ಮೀಥೇನ್ ಸುಮಾರು ಶೇ. 5 ಆದರೆ ಹೊತ್ತಿಕೊಳ್ಳಬಹುದು. ಅದರ ಐದನೇ ಒಂದು ಪಾಲು, ಅಂದರೆ ಶೇ. 1 ಇರುವಾಗಲೇ ಮನೆಯವರ ಮೂಗಿಗೆ ಗೊತ್ತಾಗಬೇಕು. ಮರ್ಕಾಪ್ಟನ್ ಕಡಿಮೆಯಾದರೆ ಅಪಾಯ. ಜಾಸ್ತಿಯಾದರೆ ಒಲೆ ಹಚ್ಚುವಾಗ ಬರುವ ಚೂರು ವಾಸನೆಗೂ "ಲೀಕ್ ಉಂಟು, ಬೇಗ ಬನ್ನಿ" ಅಂತ ಫೋನು.

ಜಿಸಿಯ ದೊಡ್ಡಸ್ತಿಕೆ ಇರುವುದು ಬೇರ್ಪಡಿಸುವುದರಲ್ಲಿ. ಹೈಡ್ರೋಜನ್ ಸಲ್ಫೈಡ್ ಎಷ್ಟು, ಯಾವ ಮರ್ಕಾಪ್ಟನ್ ಎಷ್ಟು ಅಂತ ಒಂದೊಂದನ್ನೇ ಎತ್ತಿ ತೋರಿಸುತ್ತದೆ. ಸೆನ್ಸರ್ ಪೆಟ್ಟಿಗೆಗೆ ಆ ಜಾಣತನ ಇಲ್ಲ. ಹೈಡ್ರೋಜನ್ ಸಲ್ಫೈಡ್ ಬಂದರೆ ಅದನ್ನೂ ಮರ್ಕಾಪ್ಟನ್ ಲೆಕ್ಕಕ್ಕೆ ಸೇರಿಸಿಬಿಡುತ್ತದೆ. ಆದರೆ ನಮಗೆ ಬರುವುದು ಕೊಚ್ಚಿಯಲ್ಲಿ ಹಡಗಿನಿಂದ ಇಳಿಸಿದ ಎಲ್‌ಎನ್‌ಜಿ, ಅಂದರೆ ದ್ರವ ಮಾಡಿ ತಂದ ನೈಸರ್ಗಿಕ ಅನಿಲ. ದ್ರವ ಮಾಡುವ ಮೊದಲೇ ಗಂಧಕದ ಅಂಶವನ್ನೆಲ್ಲ ಹೆಚ್ಚುಕಡಿಮೆ ತೆಗೆದಿರುತ್ತಾರೆ. ಗ್ಯಾಸಿನಲ್ಲಿರುವ ಗಂಧಕ ಅಂದರೆ ನಾವೇ ಹಾಕಿದ್ದು. ಬೇರ್ಪಡಿಸಲು ಏನಿದೆ ಹೇಳಿ?

ಮತ್ತೆ ಜಿಸಿಗೆ ಊಟ ಹಾಕುವ ಕೆಲಸ. ನಮ್ಮದಕ್ಕೆ ಹೀಲಿಯಂ ಬೇಕು, ಡಿಟೆಕ್ಟರಿನ ಜ್ವಾಲೆಗೆ ಹೈಡ್ರೋಜನ್ ಬೇಕು. ಎರಡೂ ಮಂಗಳೂರಿನಿಂದ ಬರಬೇಕು. ಒಂದು ಸಿಲಿಂಡರಿಗಾಗಿ ತಲಪಾಡಿ ದಾಟಿ ಗಾಡಿ ಕಳಿಸಲು ಸಪ್ಲೈಯರಿಗೆ ಮನಸ್ಸಿಲ್ಲ, ಈ ಕಡೆಗೆ ಬೇರೆ ಲೋಡು ಆಗುವವರೆಗೆ ಕಾಯಿಸುತ್ತಾನೆ. ಹೀಲಿಯಂ ಮುಗಿದರೆ ಅಷ್ಟು ದುಡ್ಡಿನ ಯಂತ್ರ ಸುಮ್ನೆ ಕೂತಿರುತ್ತದೆ. ಮಳೆಗಾಲದಲ್ಲಿ ಕರೆಂಟು ಹೋಗಿ ಯುಪಿಎಸ್ ಬ್ಯಾಟರಿಯೂ ಇಳಿದರೆ, ಒಳಗಿನ ಓವನ್ ಮತ್ತೆ ಹದಕ್ಕೆ ಬರುವವರೆಗೆ ರೀಡಿಂಗ್ ನಂಬುವ ಹಾಗಿಲ್ಲ. ಸಾಲದ್ದಕ್ಕೆ ಎಸಿ ರೂಮು.

ಸಣ್ಣ ಪೆಟ್ಟಿಗೆಗೆ ಬೇಕಾದ್ದು ಗಾಳಿ. ಸೆನ್ಸರ್ ಕೆಲಸ ಮಾಡಲು ಆಮ್ಲಜನಕ ಬೇಕು, ನಮ್ಮ ಗ್ಯಾಸಿನಲ್ಲಿ ಅದು ಇಲ್ಲ. ಹಾಗಾಗಿ ಸ್ವಲ್ಪ ಹೊತ್ತು ಗ್ಯಾಸ್ ಎಳೆದು, ಅಳೆದು, ಆಮೇಲೆ ಗಾಳಿಯಲ್ಲಿ ತೊಳೆದುಕೊಳ್ಳುತ್ತದೆ. ಆಟಿ ತಿಂಗಳ ಒದ್ದೆ ಗಾಳಿ ನೇರ ಒಳಗೆ ಹೋದರೆ ಸೆನ್ಸರಿನ ಆಮ್ಲ ನೀರು ಕುಡಿದು ಉಬ್ಬುತ್ತದೆ. ಅದಕ್ಕೆ ದಾರಿಯಲ್ಲಿ ಸಿಲಿಕಾ ಜೆಲ್ ತುಂಬಿದ ಪಾರದರ್ಶಕ ಬಾಟಲಿ. ನೀಲಿ ಹರಳು ತಳದಿಂದ ಮೇಲಕ್ಕೆ ಗುಲಾಬಿ ಬಣ್ಣಕ್ಕೆ ತಿರುಗುತ್ತಾ ಬರುತ್ತದೆ. ಮುಕ್ಕಾಲು ಗುಲಾಬಿ ಆಯಿತೋ, ಬದಲಿಸಬೇಕು. ತೆಗೆದದ್ದನ್ನು ಸುಮಾರು 120 ಡಿಗ್ರಿಯಲ್ಲಿ ಒಣಗಿಸಿದರೆ ಮತ್ತೆ ನೀಲಿ. ಆಫೀಸಿನಲ್ಲಿ ಅದಕ್ಕೆಂದೇ ಒಂದು ಹಳೆಯ ಓವನ್ ಇಟ್ಟಿದ್ದೇವೆ. ಖರ್ಚು ಅಂದರೆ ಇದೊಂದು, ಮತ್ತೆ ಎರಡು ವರ್ಷಕ್ಕೊಮ್ಮೆಯೋ ಏನೋ ಹೊಸ ಸೆನ್ಸರ್.

ಇನ್ನು ನನ್ನ ತಲೆ ತಿಂದ ಟ್ಯೂಬಿನ ವಿಷಯ. ಮುಖ್ಯ ಪೈಪಿನಿಂದ ಪೆಟ್ಟಿಗೆಗೆ ಗ್ಯಾಸ್ ತರುವ ಟ್ಯೂಬು.

ಪೆಟ್ಟಿಗೆ ಜೋಡಿಸಿದ ಮೇಲೆ ಗ್ರಾಫಿನಲ್ಲಿ ದಿನಾ ಒಂದು ಗುಡ್ಡ ಏಳತೊಡಗಿತು. ಬೆಳಿಗ್ಗೆ ಮರ್ಕಾಪ್ಟನ್ ಕಡಿಮೆ, ಮಧ್ಯಾಹ್ನ ಏರಿಕೆ, ರಾತ್ರಿ ಮತ್ತೆ ಇಳಿತ. ಮರ್ಕಾಪ್ಟನ್ ಹಾಕುವ ಡೋಸಿಂಗ್ ಪಂಪು ಮಾತ್ರ ಗ್ಯಾಸಿನ ಹರಿವಿಗೆ ಸರಿಯಾಗಿಯೇ ಹೊಡೆಯುತ್ತಿತ್ತು. ಮೂಗಿನ ಪರೀಕ್ಷೆಯಲ್ಲಿ ಬೆಳಿಗ್ಗೆಗೂ ಮಧ್ಯಾಹ್ನಕ್ಕೂ ವ್ಯತ್ಯಾಸವೇ ಇಲ್ಲ. ನಮ್ಮ ಆಪರೇಟರ್ ಲಾಗ್ ಪುಸ್ತಕ ಹಿಡಿದು ಬಂದ. "ಮೆಷಿನ್ ಕಡಿಮೆ ಅಂತ ಹೇಳ್ತದೆ, ನನ್ನ ಮೂಗು ಸರಿ ಉಂಟು ಅಂತ ಹೇಳ್ತದೆ. ಯಾವುದನ್ನು ಬರೆಯುವುದು ಸಾರ್?" ಎರಡನ್ನೂ ಬರಿ ಅಂದೆ.

ಮಾರಿದವರಿಗೆ ಫೋನ್ ಮಾಡಿದರೆ ಒಂದೇ ಮಂತ್ರ: ಕ್ಯಾಲಿಬ್ರೇಷನ್ ಮಾಡಿ. ಮಾಡಿದೆವು. ಮರ್ಕಾಪ್ಟನ್ ಎಷ್ಟಿದೆ ಎಂದು ಮೊದಲೇ ಗೊತ್ತಿರುವ ಕ್ಯಾಲಿಬ್ರೇಷನ್ ಗ್ಯಾಸನ್ನು ಪೆಟ್ಟಿಗೆಯ ಬಾಯಿಗೆ ಕೊಟ್ಟರೆ ರೀಡಿಂಗ್ ಕರಾರುವಾಕ್ಕು. ಹಾಗಾದರೆ ಸೆನ್ಸರ್ ಬದಲಿಸಿ ಅಂದರು, ಬಿಲ್ ಸಮೇತ. ಅದಕ್ಕೆ ಒಪ್ಪದೆ ಅದೇ ಕ್ಯಾಲಿಬ್ರೇಷನ್ ಗ್ಯಾಸನ್ನು ಟ್ಯೂಬಿನ ಆ ತುದಿಯಿಂದ, ಅಂದರೆ ಮುಖ್ಯ ಪೈಪಿನ ವಾಲ್ವಿನ ಹತ್ತಿರದಿಂದ ಕೊಟ್ಟೆವು. ಆಗ ರೀಡಿಂಗ್ ತೆವಳತೊಡಗಿತು. ಚಹಾ ಕುಡಿದು ಬಂದರೂ ಇನ್ನೂ ತೆವಳುತ್ತಿತ್ತು.

ಮರ್ಕಾಪ್ಟನ್‌ಗೆ ಸ್ಟೀಲಿನ ಗೋಡೆಗೆ ಅಂಟುವ ಚಾಳಿ. ತಂಪಿದ್ದಾಗ ಅಂಟುತ್ತದೆ, ಬಿಸಿಯಾದಾಗ ಬಿಡುತ್ತದೆ. ಜೋಡಿಸಲು ಬಂದವರು ಸಾದಾ ಸ್ಟೇನ್‌ಲೆಸ್ ಟ್ಯೂಬನ್ನು ಶೆಡ್ಡಿನ ಸುತ್ತ, ಬಿಸಿಲು ಬೀಳುವ ಗೋಡೆಯ ಮೇಲೆ ಉದ್ದಕ್ಕೆ ಎಳೆದಿದ್ದರು. ನೋಡಲು ಅಚ್ಚುಕಟ್ಟು, ಕ್ಲಾಂಪು ಎಲ್ಲ ಒಂದೇ ಅಳತೆಗೆ. ಗ್ರಾಫಿನ ಗುಡ್ಡ ಗ್ಯಾಸಿನದಲ್ಲ, ಗೋಡೆಯ ಬಿಸಿಲಿನದು! ಒಳಗೆ ಸಿಲಿಕಾನ್ ಲೇಪ ಇರುವ ಟ್ಯೂಬ್ ತರಿಸಿ, ಗಿಡ್ಡ ಮಾಡಿ, ನೆರಳಿನ ಕಡೆಯಿಂದ ಹಾಯಿಸಿದೆವು. ದಾರಿಯಲ್ಲಿದ್ದ ರೆಗ್ಯುಲೇಟರಿನ ರಬ್ಬರ್ ಡಯಾಫ್ರಾಮ್ ಕೂಡ ಮರ್ಕಾಪ್ಟನ್ ಹೀರುವಂಥದ್ದೇ, ಅದನ್ನೂ ಬದಲಿಸಿದೆವು. ಗುಡ್ಡ ಮಲಗಿತು.

ತಮಾಷೆ ಅಂದರೆ, ಜಿಸಿ ಸ್ಟೇಷನ್ನಿನ ಹಳೆಯ ಗ್ರಾಫ್ ತೆಗೆದು ನೋಡಿದರೆ ಅಲ್ಲೂ ಅದೇ ಗುಡ್ಡ, ಸ್ವಲ್ಪ ಚಿಕ್ಕದು. ಅಲ್ಲೂ ಸಾದಾ ಟ್ಯೂಬೇ. ಜಾಸ್ತಿ ದುಡ್ಡು ಕೊಟ್ಟರೆ ಅದೇ ಸುಳ್ಳು ಇನ್ನೆರಡು ದಶಾಂಶ ಸ್ಥಾನಗಳೊಂದಿಗೆ ಸಿಗುತ್ತದೆ, ಅಷ್ಟೇ.

ಮೂರನೆಯ ದಾರಿಯೂ ಉಂಟು, ಮರ್ಕಾಪ್ಟನ್ ತಾಗಿದರೆ ಬಣ್ಣ ತಿರುಗುವ ಗಾಜಿನ ಟ್ಯೂಬ್: ಅಗ್ಗ, ಒಮ್ಮೆ ಬಳಸಿ ಎಸೆಯುವುದು, ಅಂದಾಜಿಗೆ ಸಾಕು.

ಮೂಗಿನ ಪರೀಕ್ಷೆಯ ಓಡರೋಮೀಟರ್ ಅನ್ನು ಮಾತ್ರ ಯಾವ ಯಂತ್ರ ಬಂದರೂ ಮೂಲೆಗೆ ಎಸೆಯಬೇಡಿ. ಗಾಳಿಗೆ ಸ್ವಲ್ಪ ಸ್ವಲ್ಪವೇ ಗ್ಯಾಸ್ ಬೆರೆಸುತ್ತಾ, ಎಷ್ಟು ಶೇಕಡಾದಲ್ಲಿ ವಾಸನೆ ಹತ್ತಿತು ಎಂದು ನೋಡುವ ಸಾಧನ ಅದು. ನೆಗಡಿ ಇದ್ದವನಿಂದ ಆಗುವುದಿಲ್ಲ, ಸ್ವಲ್ಪ ಹೊತ್ತು ಮೂಸಿದರೆ ಮೂಗು ಮರಗಟ್ಟುತ್ತದೆ, ಎಲ್ಲಾ ನಿಜ. ಆದರೆ ಯಂತ್ರ ಹೇಳುವುದು ಮರ್ಕಾಪ್ಟನ್ ಎಷ್ಟಿದೆ ಎಂದು. ಮನುಷ್ಯನಿಗೆ ವಾಸನೆ ಬರುತ್ತದಾ ಎನ್ನುವುದು ಮನುಷ್ಯನೇ ಹೇಳಬೇಕು. ಹೊಸ ಸ್ಟೀಲ್ ಪೈಪಿನ ತುಕ್ಕು ಮರ್ಕಾಪ್ಟನ್ ತಿಂದುಹಾಕುವುದೂ ಉಂಟು, ಹಾಗಾಗಿ ಸ್ಟೇಷನ್ನಿನಲ್ಲಿ ಸರಿ ಇದ್ದದ್ದು ಲೈನಿನ ಕೊನೆಯ ಮನೆಯಲ್ಲಿ ಸರಿ ಇರಬೇಕೆಂದಿಲ್ಲ. ಅಲ್ಲಿಗೆ ಹೋಗಿ ನೋಡಬೇಕು. ಸೆನ್ಸರ್ ಜಾತಿಯದರಲ್ಲಿ ಕೈಯಲ್ಲಿ ಹಿಡಿಯುವ ಮಾಡೆಲ್ಲೂ ಸಿಗುತ್ತದೆ, ಸ್ಕೂಟರಿನಲ್ಲಿ ಒಯ್ಯಬಹುದು. ನಮ್ಮ ಜಿಸಿಯನ್ನು ಒಯ್ಯಲು ಲಾರಿ ಬೇಕು.

ನಿಮ್ಮ ಲೈನಿಗೆ ಸಗಣಿ, ಕಸದಿಂದ ಮಾಡಿದ ಬಯೋಗ್ಯಾಸ್ ಸೇರುತ್ತದೆ ಅಂತಾದರೆ, ಅಥವಾ ಎರಡು ಮೂರು ಮರ್ಕಾಪ್ಟನ್‌ಗಳ ಮಿಶ್ರಣ ಹಾಕುವವರಾದರೆ, ನನ್ನ ಮಾತು ಕೇಳಬೇಡಿ, ಜಿಸಿಯನ್ನೇ ತಗೊಳ್ಳಿ. ಹೀಲಿಯಂ ಮನೆ ಬಾಗಿಲಿಗೆ ಬರುವ ದೊಡ್ಡ ಪೇಟೆಯವರಿಗೂ ಅದು ಸರಿಯೇ. ನನಗಿರುವುದು ಒಬ್ಬ ಆಪರೇಟರ್, ಕೊಂಕಣ ಸುತ್ತಿ ಮೈಲಾರಕ್ಕೆ ಬಂದ ಹಾಗೆ ಬರುವ ರಿಪೇರಿ ದುಡ್ಡು, ಮತ್ತೆ ನಾಲ್ಕು ತಿಂಗಳ ಮಳೆ. ಮುಂದಿನ ಸ್ಟೇಷನ್ನಿಗೂ ಸಣ್ಣ ಪೆಟ್ಟಿಗೆಯೇ ಆಗಲಿ ಅಂತ ಬರೆದು ಕಳಿಸಿದ್ದೇನೆ. ಟ್ಯೂಬು ಎಂಥದ್ದು, ಎಷ್ಟು ಉದ್ದ, ಯಾವ ಗೋಡೆಯಲ್ಲಿ ಹೋಗಬೇಕು ಎನ್ನುವುದನ್ನು ಪೆಟ್ಟಿಗೆಗಿಂತ ಮೇಲಿನ ಸಾಲಿನಲ್ಲಿ ಹಾಕಿದ್ದೇನೆ.